ಮಕ್ಕಳ ಜೊತೆ ಮೈಸೂರು: ಎರಡು ದಿನದ ಪ್ರವಾಸ ಪ್ಲಾನ್ ಮಾಡುವುದು ಹೇಗೆ?

ರಜೆ ಹತ್ತಿರ ಬಂತೆಂದರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ‘ನಾಲ್ಕು ವರ್ಷದ ಮಗಳು, ಎಂಟು ವರ್ಷದ ಮಗ, ಜೊತೆಗೆ ಅತ್ತೆಯೂ ಬರ್ತಾರೆ. ಝೂ, ಅರಮನೆ, ಬೆಟ್ಟ, ಕೆಆರ್‌ಎಸ್ ಎಲ್ಲಾ ಒಂದೇ ದಿನದಲ್ಲಿ ಮುಗಿಸಬಹುದಾ?’

ಮುಗಿಸಬಹುದು. ಒಂದು ದಿನದ ಟೂರ್ ಬಸ್ಸುಗಳು ಮಾಡುವುದು ಅದನ್ನೇ. ಆದರೆ ಅದರಲ್ಲಿ ಮಕ್ಕಳಿಗೆ ಏನೂ ದಕ್ಕುವುದಿಲ್ಲ. ಬಸ್ ಹತ್ತು, ಇಳಿ, ಸಾಲಲ್ಲಿ ನಿಲ್ಲು, ಬೇಗ ಬೇಗ ನಡಿ. ಮಧ್ಯಾಹ್ನ ಮೂರಕ್ಕೆಲ್ಲ ಚಿಕ್ಕದು ರಚ್ಚೆ ಹಿಡಿಯುತ್ತದೆ, ದೊಡ್ಡವರ ಮುಖ ಗಂಟಿಕ್ಕುತ್ತದೆ. ಕೆಆರ್‌ಎಸ್ ಸೇರುವಷ್ಟರಲ್ಲಿ ಯಾರಿಗೂ ಕಾರಂಜಿ ಬೇಕಾಗಿರುವುದಿಲ್ಲ, ಹಾಸಿಗೆ ಬೇಕಾಗಿರುತ್ತದೆ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ ಲೆಕ್ಕ. ದಿನಕ್ಕೆ ಒಂದು ದೊಡ್ಡ ಜಾಗ, ಒಂದು ಚಿಕ್ಕ ಜಾಗ, ನಡುವೆ ಮಧ್ಯಾಹ್ನದ ನಿದ್ದೆ. ಮೈಸೂರಿಗೆ ಎರಡು ದಿನ ಇಡಿ. ನೋಡಬೇಕಾದ ಜಾಗಗಳ ಪಟ್ಟಿಯಿಂದ ಶುರು ಮಾಡಬೇಡಿ, ಮಗುವಿನ ಕಾಲು, ಹೊಟ್ಟೆ, ನಿದ್ದೆಯಿಂದ ಶುರು ಮಾಡಿ. ಈಗ ಒಂದೊಂದೇ ಹಂತ ನೋಡೋಣ.

ಹಂತ 1: ಮೊದಲು ವಾರ ಆರಿಸಿ, ಆಮೇಲೆ ತಾರೀಕು

ಜನ ಎಡವುವುದೇ ಇಲ್ಲಿ. ಮೈಸೂರು ಝೂಗೆ ಮಂಗಳವಾರ ರಜೆ. ಪಕ್ಕದ ಕಾರಂಜಿ ಕೆರೆಗೂ ಮಂಗಳವಾರವೇ ರಜೆ. ಹಬ್ಬದ ರಜೆ ಮಂಗಳವಾರ ಬಿದ್ದರೆ ಕೆಲವು ಸಲ ತೆರೆಯುತ್ತಾರೆ, ಆದರೆ ಅದನ್ನು ನಂಬಿ ಹೊರಡಬೇಡಿ. ಮುಚ್ಚಿದ ಗೇಟಿನ ಮುಂದೆ ನಿಂತು ಐದು ವರ್ಷದ ಮಗುವಿಗೆ ‘ಇವತ್ತು ಹುಲಿಗೆ ರಜೆ’ ಅಂತ ಹೇಳುವುದು ತುಂಬಾ ಕಷ್ಟ.

ಇನ್ನೊಂದು ಕಡೆ, ಅರಮನೆಯ ಪೂರ್ತಿ ದೀಪಾಲಂಕಾರ ಇರುವುದು ಭಾನುವಾರ ಮತ್ತು ಸರ್ಕಾರಿ ರಜೆ ದಿನಗಳ ಸಂಜೆ. ಉಳಿದ ದಿನ ಧ್ವನಿ–ಬೆಳಕು ಕಾರ್ಯಕ್ರಮ ಇರುತ್ತದೆ. ಅದು ಬೇರೆ. ಕಥೆ ಹೇಳುತ್ತಾ ಅರಮನೆಯ ಮೇಲೆ ಬೆಳಕು ಬಿಡುತ್ತಾರೆ, ಚಿಕ್ಕ ಮಕ್ಕಳು ಅಷ್ಟು ಹೊತ್ತು ಕೂರುವುದಿಲ್ಲ.

ಈ ಎರಡನ್ನೂ ಸೇರಿಸಿ ನೋಡಿದರೆ ಮಕ್ಕಳಿಗೆ ಸರಿಹೊಂದುವ ಜೋಡಿ ಭಾನುವಾರ–ಸೋಮವಾರ. ಭಾನುವಾರ ಸಂಜೆ ಅರಮನೆಯ ದೀಪ, ಸೋಮವಾರ ಬೆಳಿಗ್ಗೆ ಜನ ಕಡಿಮೆ ಇರುವ ಝೂ. ಶಾಲೆಗೆ ಬೇಸಿಗೆ ರಜೆ ಅಥವಾ ದಸರಾ ರಜೆ ಇದ್ದರೆ ಕಣ್ಣು ಮುಚ್ಚಿ ಇದನ್ನೇ ಆರಿಸಿ. ಸೋಮವಾರ ರಜೆ ಸಿಗದವರು ಶನಿವಾರ–ಭಾನುವಾರ ಹೋಗಿ, ಆದರೆ ಝೂ ಶನಿವಾರವೇ ಇರಲಿ. ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಅಲ್ಲಿ ಮಗುವನ್ನು ಹೆಗಲ ಮೇಲೆ ಕೂರಿಸಿದರಷ್ಟೇ ಪ್ರಾಣಿ ಕಾಣುತ್ತದೆ.

ಹವೆಯ ಲೆಕ್ಕವೂ ಇದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನಡೆಯಲು ಹಿತ. ಏಪ್ರಿಲ್–ಮೇ ತಿಂಗಳಲ್ಲಿ ಹನ್ನೊಂದರ ಮೇಲೆ ಬಿಸಿಲು ತಡೆಯುವುದಿಲ್ಲ, ಸಂಜೆ ದಿಢೀರ್ ಮಳೆ ಬೇರೆ. ಕ್ರಿಸ್‌ಮಸ್ ವಾರ ಮತ್ತು ದಸರಾ ಹತ್ತು ದಿನ ಊರೇ ಕಿಕ್ಕಿರಿದಿರುತ್ತದೆ. ಜಂಬೂಸವಾರಿಯನ್ನೇ ತೋರಿಸಬೇಕು ಅನ್ನುವವರ ವಿಷಯ ಬೇರೆ. ಆದರೆ ಆರು ವರ್ಷದೊಳಗಿನ ಮಕ್ಕಳನ್ನು ಆ ನೂಕುನುಗ್ಗಲಿಗೆ ಕರೆದೊಯ್ಯುವುದು ಬೇಡ. ದಸರಾಗೆ ಕೆಲವು ವಾರ ಮುಂಚೆ ಕಾಡಿನ ಶಿಬಿರಗಳಿಂದ ಆನೆಗಳು ಅರಮನೆಗೆ ಬಂದು, ದಿನಾ ಬೀದಿಯಲ್ಲಿ ನಡೆದು ತಾಲೀಮು ಮಾಡುತ್ತವೆ. ತಾಲೀಮು ಅಂದರೆ ಮೆರವಣಿಗೆಗೆ ಮುಂಚಿನ ಅಭ್ಯಾಸ. ಮಕ್ಕಳಿಗೆ ಆನೆ ಹತ್ತಿರದಿಂದ ಕಾಣುವುದು ಆಗಲೇ.

ಹಂತ 2: ವಯಸ್ಸು ನೋಡಿ ಜಾಗ ಆರಿಸಿ

ಮೂರು ವರ್ಷದೊಳಗಿನ ಮಗುವಿಗೆ ಝೂ, ಕಾರಂಜಿ ಕೆರೆಯ ಪಕ್ಷಿಗಳು, ಹೋಟೆಲಿನ ಅಂಗಳ ಇಷ್ಟು ಸಾಕು. ನಿಜವಾಗಿ ಸಾಕು. ಆ ವಯಸ್ಸಿಗೆ ಜಿರಾಫೆಯೂ ಒಂದೇ, ದಾರಿಯ ಅಳಿಲೂ ಒಂದೇ.

ನಾಲ್ಕರಿಂದ ಏಳು ವರ್ಷದವರಿಗೆ ಇದರ ಜೊತೆ ರೈಲು ಮ್ಯೂಸಿಯಂ ಸೇರಿಸಿ. 1979ರಲ್ಲಿ ಶುರುವಾದದ್ದು, ರೈಲ್ವೆ ನಿಲ್ದಾಣದ ಹತ್ತಿರ ಕೆಆರ್‌ಎಸ್ ರಸ್ತೆಯಲ್ಲೇ ಇದೆ. ಹಳೆಯ ಉಗಿ ಎಂಜಿನ್‌ಗಳು, ಮಹಾರಾಣಿಯವರು ಓಡಾಡುತ್ತಿದ್ದ ಸಲೂನ್ ಬೋಗಿ, ಒಂದು ಪುಟ್ಟ ಓಡುವ ರೈಲು. ಸಲೂನ್ ಬೋಗಿ ಅಂದರೆ ಮಲಗುವ ಕೋಣೆ, ಅಡುಗೆ ಕೋಣೆ ಎಲ್ಲಾ ಇರುವ ಖಾಸಗಿ ಬೋಗಿ. ‘ಮುಟ್ಟಬೇಡ’ ಅಂತ ಹೇಳುತ್ತಲೇ ಇರಬೇಕಾದ ಜಾಗವಲ್ಲ ಇದು. ಒಂದು ಗಂಟೆಯಲ್ಲಿ ಮುಗಿಯುತ್ತದೆ, ಅದಕ್ಕೇ ‘ಚಿಕ್ಕ ಜಾಗ’ಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಎಂಟು ದಾಟಿದವರಿಗೆ ಅರಮನೆಯ ಒಳಗೆ, ರಂಗನತಿಟ್ಟಿನ ದೋಣಿ, ಚಾಮುಂಡಿ ಬೆಟ್ಟದ ಮೆಟ್ಟಿಲು ಎಲ್ಲವೂ ಹಿಡಿಸುತ್ತದೆ. ಮನೆಯಲ್ಲಿ ಎರಡೂ ವಯಸ್ಸಿನವರು ಇದ್ದರೆ ಚಿಕ್ಕದರ ಲೆಕ್ಕದಲ್ಲೇ ಪ್ಲಾನ್ ಮಾಡಿ. ದೊಡ್ಡ ಮಗುವಿಗೆ ಎರಡು ದಿನದಲ್ಲಿ ಒಂದು ಜಾಗವನ್ನು ತಾನೇ ಆರಿಸಲು ಬಿಡಿ. ಉಳಿದ ಹೊತ್ತು ಅದು ತಂಗಿಗಾಗಿ ಕಾಯಲು ಒಪ್ಪುತ್ತದೆ.

ಹಂತ 3: ಪ್ರಯಾಣ

ಮಕ್ಕಳಿದ್ದರೆ ನನ್ನ ಮೊದಲ ಆಯ್ಕೆ ರೈಲು. ಎದ್ದು ಓಡಾಡಬಹುದು, ಶೌಚಾಲಯ ಇದೆ, ಕಿಟಕಿ ಇದೆ. ಬೆಂಗಳೂರಿನಿಂದ ಬೆಳಗಿನ ರೈಲುಗಳು ಬೇಕಾದಷ್ಟಿವೆ. ಹುಬ್ಬಳ್ಳಿ ಕಡೆಯಿಂದ ರಾತ್ರಿ ರೈಲು ಹಿಡಿದರೆ ಮಕ್ಕಳು ನಿದ್ದೆಯಲ್ಲೇ ದಾರಿ ಸವೆಸುತ್ತಾರೆ.

ಟಿಕೆಟ್ ಮಾಡುವಾಗ ಗಮನಿಸಬೇಕಾದ್ದು:

• 5 ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಕೇಳದಿದ್ದರೆ ಟಿಕೆಟ್ ಬೇಡ.
• 5ರಿಂದ 12 ವರ್ಷದೊಳಗಿನವರಿಗೆ ಬರ್ತ್ ಕೇಳಿದರೆ ಪೂರ್ತಿ ದರ. ಅರ್ಧ ದರ ಅಂದರೆ ಬರ್ತ್ ಇಲ್ಲ, ನಿಮ್ಮ ಜೊತೆಯಲ್ಲೇ ಮಲಗಬೇಕು. ಎಂಟು ವರ್ಷದ ಹುಡುಗನ ಜೊತೆ ಇಡೀ ರಾತ್ರಿ ಒಂದೇ ಬರ್ತ್‌ನಲ್ಲಿ ಮಲಗುವುದು ಇಬ್ಬರಿಗೂ ಕಷ್ಟ. ಇಲ್ಲಿ ಉಳಿಸಲು ಹೋಗಬೇಡಿ.
• ಮುಂಗಡ ಬುಕಿಂಗ್ ಈಗ 60 ದಿನ ಮೊದಲು ಶುರುವಾಗುತ್ತದೆ. ಮೊದಲಿದ್ದ ಹಾಗೆ 120 ದಿನ ಅಲ್ಲ.
• ತತ್ಕಾಲ್, ಅಂದರೆ ಹೊರಡುವ ಹಿಂದಿನ ದಿನ ಸಿಗುವ ಟಿಕೆಟ್. ಎಸಿಗೆ ಬೆಳಿಗ್ಗೆ 10ಕ್ಕೆ, ಉಳಿದದ್ದಕ್ಕೆ 11ಕ್ಕೆ ತೆರೆಯುತ್ತದೆ. ನಾಲ್ಕು ಸೀಟು ಒಟ್ಟಿಗೆ ಸಿಗುತ್ತದೆ ಅಂತ ನೆಚ್ಚಿಕೊಳ್ಳಬೇಡಿ.

ಸರ್ಕಾರಿ ಬಸ್ಸಿನಲ್ಲಿ 6 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, 12ರವರೆಗೆ ಅರ್ಧ. ಮಹಿಳೆಯರಿಗಿರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಾಮಾನ್ಯ ಬಸ್ಸುಗಳಿಗೆ ಮಾತ್ರ, ಎಸಿ ಮತ್ತು ಐಷಾರಾಮಿ ಬಸ್ಸುಗಳಿಗಿಲ್ಲ.

ಕಾರಿನಲ್ಲಿ ಹೋಗುವವರಿಗೆ ಒಂದು ಮಾತು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆ ಹತ್ತಿದರೆ ರಾಮನಗರ, ಚನ್ನಪಟ್ಟಣ, ಮದ್ದೂರು ಯಾವುದೂ ಒಳಗೆ ಸಿಗುವುದಿಲ್ಲ, ಬೈಪಾಸ್ ಮೇಲೇ ಹೋಗಿಬಿಡುತ್ತೀರಿ. ಹೊರಡುವ ಮುಂಚೆ ಎಲ್ಲರೂ ಬಾತ್‌ರೂಮಿಗೆ ಹೋಗಿ ಬನ್ನಿ. ಎಲ್ಲಿ ಸರ್ವಿಸ್ ರಸ್ತೆಗೆ ಇಳಿಯುತ್ತೀರಿ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಮಂಗಳೂರಿನಿಂದ ಮಡಿಕೇರಿ ಮೇಲೆ ಬರುವವರು ಸಂಪಾಜೆ ಘಾಟಿಗೆ ಮುಂಚೆ ಮಕ್ಕಳಿಗೆ ಹೊಟ್ಟೆ ತುಂಬಾ ಹಾಲು ಕುಡಿಸಬೇಡಿ. ಒಣ ಬಿಸ್ಕತ್ತು, ಒಂದು ಗುಟುಕು ನೀರು ಸಾಕು. ಘಾಟಿ ಇಳಿದ ಮೇಲೋ ಹತ್ತಿದ ಮೇಲೋ ತಿಂಡಿ ಮಾಡಿಸಿ.

ಹಂತ 4: ಉಳಿಯುವ ಜಾಗ

ಇಲ್ಲಿ ನೋಡಬೇಕಾದ್ದು ಒಂದೇ. ಮಧ್ಯಾಹ್ನ ರೂಮಿಗೆ ವಾಪಸ್ ಬರಲು ಎಷ್ಟು ಹೊತ್ತು ಬೇಕು? ಹದಿನೈದು ನಿಮಿಷಕ್ಕಿಂತ ಜಾಸ್ತಿ ಆದರೆ ನೀವು ವಾಪಸ್ ಬರುವುದಿಲ್ಲ, ಮಗು ನಿದ್ದೆ ಮಾಡುವುದಿಲ್ಲ, ಸಂಜೆ ಕೆಡುತ್ತದೆ. ಊರಾಚೆಯ ರೆಸಾರ್ಟ್ ಚೆನ್ನಾಗಿರಬಹುದು, ಈಜುಕೊಳವೂ ಇರಬಹುದು. ಆದರೆ ಊರು ಸುತ್ತಲು ಬಂದಿದ್ದರೆ ಅರಮನೆ, ನಜರ್‌ಬಾದ್, ರೈಲ್ವೆ ನಿಲ್ದಾಣದ ಸುತ್ತಮುತ್ತ ಉಳಿಯಿರಿ. ಬುಕ್ ಮಾಡುವ ಮುಂಚೆ ಫೋನ್ ಮಾಡಿ ಮೂರು ವಿಷಯ ಕೇಳಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ರೂಮು ಸಿಗುತ್ತದೆ? ರಾತ್ರಿ ಹಾಲು ಕಾಯಿಸಿ ಕೊಡುತ್ತಾರಾ? ಮೆಟ್ಟಿಲೋ ಲಿಫ್ಟೋ? ಅಜ್ಜಿ ತಾತ ಜೊತೆಗಿದ್ದರೆ ಮೂರನೆಯದೇ ಮೊದಲ ಪ್ರಶ್ನೆ.

ಹಂತ 5: ಕೈಚೀಲ

ದೊಡ್ಡ ಸೂಟ್‌ಕೇಸಿನ ಬಗ್ಗೆ ನಾನು ಹೇಳುವುದಿಲ್ಲ. ದಿನವಿಡೀ ಹೆಗಲ ಮೇಲೆ ಇರುವ ಚೀಲ ಮುಖ್ಯ. ಅದರಲ್ಲಿ ಸ್ಟೀಲ್ ನೀರಿನ ಬಾಟಲಿ ಇರಲಿ, ಪ್ಲಾಸ್ಟಿಕ್ ಬೇಡ. ಪ್ರತಿ ಮಗುವಿಗೆ ಒಂದು ಜೊತೆ ಬಟ್ಟೆ, ಟೋಪಿ, ಒದ್ದೆ ಟಿಶ್ಯೂ, ಒಆರ್‌ಎಸ್ ಪೊಟ್ಟಣ, ಜ್ವರದ ಔಷಧಿ, ಬ್ಯಾಂಡ್‌ಏಡ್, ಒಂದು ತೆಳು ಟವೆಲ್. ಜೊತೆಗೆ ಒಂದು ಜೊತೆ ಹಳೆಯ ಕಾಲುಚೀಲ. ಅದು ಯಾಕೆ ಅಂತ ಅರಮನೆಯ ಹಂತದಲ್ಲಿ ಹೇಳುತ್ತೇನೆ.

ಇನ್ನೊಂದು ಕೆಲಸ ಮನೆಯಲ್ಲೇ ಮಾಡಿ. ಒಂದು ಚೀಟಿಯಲ್ಲಿ ಇಬ್ಬರ ಮೊಬೈಲ್ ನಂಬರ್ ಬರೆದು ಮಗುವಿನ ಒಳಜೇಬಿಗೆ ಪಿನ್ ಹಾಕಿ ಸಿಕ್ಕಿಸಿ. ಹೆಸರು ಬರೆಯಬೇಡಿ, ನಂಬರ್ ಸಾಕು. ಹೆಸರು ಹಿಡಿದು ಕರೆದವರ ಹಿಂದೆ ಮಕ್ಕಳು ಸುಲಭವಾಗಿ ಹೋಗಿಬಿಡುತ್ತಾರೆ. ಪ್ರತಿದಿನ ಬೆಳಿಗ್ಗೆ ಹೊರಡುವಾಗ ಮಕ್ಕಳ ಒಂದು ಫೋಟೊ ತೆಗೆದುಕೊಳ್ಳಿ. ಕೈ ತಪ್ಪಿದರೆ ‘ಏನು ಬಟ್ಟೆ ಹಾಕಿತ್ತು’ ಅಂತ ಕೇಳಿದಾಗ ಗಾಬರಿಯಲ್ಲಿ ನೆನಪಾಗುವುದಿಲ್ಲ, ಫೋಟೊ ತೋರಿಸಬಹುದು. ‘ಕಳೆದುಹೋದರೆ ಅಲ್ಲೇ ನಿಲ್ಲು, ಖಾಕಿ ಬಟ್ಟೆಯವರನ್ನೋ ಮಗು ಎತ್ತಿಕೊಂಡಿರುವ ಅಮ್ಮನನ್ನೋ ಕೇಳು’ ಅಂತ ಹೇಳಿಕೊಡಿ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಎರಡನ್ನೂ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ಹಂತ 6: ಝೂ ಬೆಳಿಗ್ಗೆ

ಪ್ರವಾಸದ ಅರ್ಧ ಸಂತೋಷ ಈ ಒಂದು ಬೆಳಿಗ್ಗೆಯಲ್ಲಿದೆ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಶ್ರೀ ಚಾಮರಾಜೇಂದ್ರ ಮೃಗಾಲಯ 1892ರಲ್ಲಿ ಶುರುವಾದದ್ದು. ದೇಶದ ಹಳೆಯ ಝೂಗಳಲ್ಲಿ ಒಂದು. ಈಗ 157 ಎಕರೆ ಇದೆ. ಹೊರಗಿನಿಂದ ಅಷ್ಟು ಅನಿಸುವುದಿಲ್ಲ, ಆದರೆ ಒಳಗಿನ ದಾರಿ ಸುತ್ತಿ ಸುತ್ತಿ ಮೂರು ಕಿಲೋಮೀಟರಿಗೂ ಜಾಸ್ತಿ ಆಗುತ್ತದೆ. ನಾಲ್ಕು ವರ್ಷದ ಕಾಲಿಗೆ ಅದು ದೊಡ್ಡ ದೂರ.

ಬೆಳಿಗ್ಗೆ 8.30ಕ್ಕೆ ಗೇಟ್ ತೆರೆಯುತ್ತದೆ. ನೀವು 8.15ಕ್ಕೆ ಅಲ್ಲಿರಿ. ಇದು ಸುಮ್ನೆ ಹೇಳುವ ಮಾತಲ್ಲ. ಬಿಸಿಲೇರಿದ ಮೇಲೆ ಹುಲಿ, ಚಿರತೆ, ಸಿಂಹ ನೆರಳು ಹುಡುಕಿ ಮಲಗುತ್ತವೆ. ಹನ್ನೆರಡಕ್ಕೆ ಹೋದವರಿಗೆ ಪೊದೆಯ ಹಿಂದೆ ಒಂದು ಕಿವಿ ಕಾಣುತ್ತದೆ ಅಷ್ಟೆ. ಒಂಬತ್ತಕ್ಕೆ ಹೋದವರಿಗೆ ಹುಲಿ ಬೇಲಿಯುದ್ದಕ್ಕೂ ಅತ್ತಿಂದಿತ್ತ ಓಡಾಡುವುದು ಕಾಣುತ್ತದೆ.

ತಿಂಡಿ ಮೊದಲೇ ಮುಗಿಸಿ ಹೋಗಿ. ನಜರ್‌ಬಾದ್ ಕಡೆ ಮೈಲಾರಿ ದೋಸೆ ಸಿಗುತ್ತದೆ. ಬೆಣ್ಣೆ ಹಾಕಿದ ಮೆತ್ತನೆ ದೋಸೆ, ಹಲ್ಲು ಬರುತ್ತಿರುವ ಮಗುವೂ ತಿನ್ನುತ್ತದೆ. ಒಳಗಿನ ಪಲ್ಯ, ಚಟ್ನಿ ಬೇಡ ಅಂತ ಹೇಳಿದರೆ ಖಾಲಿ ದೋಸೆಯನ್ನೇ ಕೊಡುತ್ತಾರೆ.

ಗೇಟಿನಲ್ಲಿ ಹೀಗೆ ಮಾಡಿ:

1. ಟಿಕೆಟ್ ಆನ್‌ಲೈನ್‌ನಲ್ಲಿ ಮಾಡಿಕೊಂಡಿದ್ದರೆ ಸಾಲು ತಪ್ಪುತ್ತದೆ. ಕೌಂಟರಿನಲ್ಲಿ ತೆಗೆಯುವುದಾದರೆ ಒಬ್ಬರು ಸಾಲಿಗೆ ನಿಲ್ಲಿ, ಇನ್ನೊಬ್ಬರು ಮಕ್ಕಳನ್ನು ಶೌಚಾಲಯಕ್ಕೆ ಕರೆದುಕೊಂಡು ಹೋಗಿ.
2. ‘ಕಾಂಬೋ’ ಕೇಳಿ. ಝೂ ಮತ್ತು ಕಾರಂಜಿ ಕೆರೆ ಎರಡಕ್ಕೂ ಸೇರಿಸಿ ಕೊಡುವ ಟಿಕೆಟ್ ಅದು. ಕಾರಂಜಿಗೆ ಹೋಗುವುದು ಖಂಡಿತ ಅಂದರೆ ಮಾತ್ರ ತೆಗೆಯಿರಿ.
3. ಚೀಲ ತಪಾಸಣೆ ಇರುತ್ತದೆ. ಪ್ಲಾಸ್ಟಿಕ್ ಕವರಿನ ಚಿಪ್ಸ್, ಬಿಸ್ಕತ್ತು ಒಳಗೆ ಬಿಡುವುದಿಲ್ಲ. ಮಗು ಅಳುವ ಮೊದಲೇ ಅದನ್ನೆಲ್ಲ ರೂಮಿನಲ್ಲಿ ಬಿಟ್ಟು ಬನ್ನಿ.
4. ಬ್ಯಾಟರಿ ಗಾಡಿ ಬೇಕಾ ಬೇಡವಾ ಅಂತ ಆಗಲೇ ತೀರ್ಮಾನ ಮಾಡಿ. ಹೊಗೆಯಿಲ್ಲದ, ಕೂತು ಸುತ್ತುವ ಗಾಡಿ ಇದು. ಅಜ್ಜಿಗೆ ಮಂಡಿ ನೋವಿದ್ದರೆ ಎರಡನೇ ಮಾತಿಲ್ಲದೆ ತೆಗೆದುಕೊಳ್ಳಿ. ಮಕ್ಕಳಿಗಾದರೆ ನಡೆಯುವುದೇ ಚೆಂದ, ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು.

ಒಳಗೆ ದಾರಿ ಒಂದೇ ದಿಕ್ಕಿನದು. ಮುಂದೆ ಹೋದಮೇಲೆ ‘ಜಿರಾಫೆ ಇನ್ನೊಂದ್ಸಲ’ ಅಂದರೆ ಜನರ ಎದುರು ಈಜಬೇಕು. ಹಾಗಾಗಿ ಮಗು ಎಲ್ಲಿ ನಿಲ್ಲುತ್ತದೋ ಅಲ್ಲಿ ನೀವೂ ನಿಲ್ಲಿ. ಜಿರಾಫೆಯ ಮುಂದೆ ಹದಿನೈದು ನಿಮಿಷ ಕೊಡಿ. ಅದು ನಾಲಿಗೆ ಚಾಚಿ ಸೊಪ್ಪು ಎಳೆಯುವುದನ್ನು ನೋಡಿಸಿ. ಆ ನಾಲಿಗೆ ಕಪ್ಪಗಿರುತ್ತದೆ, ಉದ್ದ ಮಗುವಿನ ತೋಳಿನಷ್ಟಿರುತ್ತದೆ. ಬಾಯಿಂದ ಬಂದ ಕೊಂಬೆ ಬೋಳಾಗಿರುತ್ತದೆ, ಒಂದು ಎಲೆಯೂ ಉಳಿದಿರುವುದಿಲ್ಲ. ಇದನ್ನು ನೋಡಿದ ಮಗು ಊರಿಗೆ ಹೋದಮೇಲೆ ತಿಂಗಳುಗಟ್ಟಲೆ ಅದನ್ನೇ ಹೇಳುತ್ತಿರುತ್ತದೆ. 2021ರಲ್ಲಿ ಜರ್ಮನಿಯಿಂದ ಬಂದ ಗೊರಿಲ್ಲಾಗಳ ಆವರಣದ ಮುಂದೆಯೂ ಅವಸರ ಮಾಡಬೇಡಿ. ಒಂದೈದು ನಿಮಿಷ ಸುಮ್ಮನೆ ನಿಂತರೆ ಅವು ನಮ್ಮನ್ನು ನೋಡಲು ಶುರು ಮಾಡುತ್ತವೆ.

ಕಣ್ಣಿಗೆ ಬಿದ್ದ ಶೌಚಾಲಯಕ್ಕೆಲ್ಲ ಮಕ್ಕಳನ್ನು ಒಂದು ಸಲ ಕರೆದುಕೊಂಡು ಹೋಗಿ. ‘ಬರ್ತಿಲ್ಲ’ ಅಂದರೂ ಸರಿ. ಮುಂದಿನದು ದೂರವಿರಬಹುದು.

ಬೇಲಿಯ ಮೇಲೆ ಕೂರಿಸಿ ಫೋಟೊ ತೆಗೆಯುವುದು, ಪ್ರಾಣಿಗೆ ತಿಂಡಿ ಎಸೆಯುವುದು, ಕೂಗಿ ಎಬ್ಬಿಸುವುದು, ಇವು ಮೂರೂ ಬೇಡವೇ ಬೇಡ. ದೊಡ್ಡವರು ಮಾಡಿದ್ದನ್ನೇ ಮಕ್ಕಳು ಕಲಿಯುತ್ತಾರೆ, ಅಲ್ವಾ?

ಹನ್ನೊಂದೂವರೆಗೆ ಹೊರಗೆ ಬನ್ನಿ. ಊಟ, ಆಮೇಲೆ ನಿದ್ದೆ. ಇಷ್ಟು ದೂರ ಬಂದು ಮಲಗುವುದಾ ಅನಿಸುತ್ತದೆ. ಆದರೂ ಮಲಗಿಸಿ. ಮೊಸರನ್ನ ತಿಂದು ಎರಡು ಗಂಟೆ ಮಲಗಿ ಎದ್ದ ಮಗು ಸಂಜೆ ಬೇರೆಯೇ ಮಗುವಾಗಿರುತ್ತದೆ.

ಸಂಜೆ ನಾಲ್ಕಕ್ಕೆ ಕಾರಂಜಿ ಕೆರೆ. ಝೂ ಎರಡನೇ ದಿನ ಇಟ್ಟುಕೊಂಡವರು ಇದನ್ನು ಮೊದಲ ದಿನ ಸಂಜೆಯೇ, ಅರಮನೆಯ ದೀಪಕ್ಕೆ ಮುಂಚೆ ಮುಗಿಸಿ. ಅಲ್ಲಿಯ ಮುಖ್ಯ ಆಕರ್ಷಣೆ ಪಕ್ಷಿಮನೆ. ಸಾಮಾನ್ಯ ಪಂಜರದ ಹಾಗಲ್ಲ, ನಾವೇ ಒಳಗೆ ನಡೆದು ಹೋಗುವಷ್ಟು ದೊಡ್ಡ ಬಲೆಯ ಮನೆ. ನವಿಲು, ಕಾಡುಕೋಳಿಗಳು ಕಾಲಬದಿಯಲ್ಲೇ ಓಡಾಡುತ್ತವೆ. ಓಡಿ ಹಿಡಿಯಬಾರದು ಅಂತ ಒಳಗೆ ಹೋಗುವ ಮುಂಚೆಯೇ ಹೇಳಿ. ಚಿಟ್ಟೆ ಉದ್ಯಾನ, ದೋಣಿ ವಿಹಾರ ಕೂಡ ಇವೆ. ದೋಣಿಯಲ್ಲಿ ಮಗುವಿಗೂ ಲೈಫ್ ಜಾಕೆಟ್ ಕೇಳಿ ಹಾಕಿಸಿ. ಅಳತೆ ದೊಡ್ಡದಾದರೆ ಪಟ್ಟಿ ಬಿಗಿ ಮಾಡಿ. ಬಿಗಿಯಾಗದಿದ್ದರೆ ದೋಣಿ ಹತ್ತಬೇಡಿ.

ಹಂತ 7: ಅರಮನೆ

ಎರಡು ಸಲ ಹೋಗಬೇಕು, ಹಗಲು ಒಂದು, ರಾತ್ರಿ ಒಂದು. ಚಿಕ್ಕ ಮಕ್ಕಳಿದ್ದರೆ ರಾತ್ರಿಯದು ಮಾತ್ರ ಸಾಕು.

ಹಗಲು ಒಳಗೆ ಹೋಗುವವರು ಬೆಳಿಗ್ಗೆ ತೆರೆಯುವ ಹತ್ತು ಗಂಟೆಗೇ ಹೋಗಿ. ಪ್ರವೇಶ ದಕ್ಷಿಣದ ವರಾಹ ಗೇಟಿನಿಂದ. ಒಳಗೆ ಚಪ್ಪಲಿ ಹಾಕುವಂತಿಲ್ಲ, ಹೊರಗೆ ಬಿಟ್ಟು ಹೋಗಬೇಕು. ಬಿಸಿಲಿನಲ್ಲಿ ಕಾದ ಕಲ್ಲಿನ ಮೇಲೆ ನಾಲ್ಕು ಹೆಜ್ಜೆ ಇಟ್ಟರೂ ಮಕ್ಕಳ ಅಂಗಾಲು ಚುರುಗುಟ್ಟುತ್ತದೆ. ಆ ಹಳೆಯ ಕಾಲುಚೀಲ ಇದಕ್ಕೇ. ಒಳಗೆ ನುಣುಪಾದ ನೆಲ ಬಂದಾಗ ಬಿಚ್ಚಿಬಿಡಿ, ಇಲ್ಲದಿದ್ದರೆ ಜಾರುತ್ತದೆ.

ಮಕ್ಕಳಿಗೆ ಇತಿಹಾಸ ಹೇಳಿ ಪ್ರಯೋಜನವಿಲ್ಲ, ಒಂದು ಕಥೆ ಮತ್ತು ಒಂದು ಆಟ ಕೊಡಿ. ಕಥೆ ಇದು. ಮೊದಲು ಇಲ್ಲಿ ಮರದ ಅರಮನೆ ಇತ್ತು. 1897ರಲ್ಲಿ ರಾಜಕುಮಾರಿಯ ಮದುವೆ ಹೊತ್ತಿನಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಅದಕ್ಕೇ ಈಗಿನದನ್ನು ಕಲ್ಲಿನಲ್ಲಿ ಕಟ್ಟಿ 1912ಕ್ಕೆ ಮುಗಿಸಿದರು. ಆಟ ಇದು. ಕಲ್ಯಾಣ ಮಂಟಪದಲ್ಲಿ ಮೇಲೆ ನೋಡಿದರೆ ಬಣ್ಣದ ಗಾಜಿನ ಚಾವಣಿ, ಅದರ ತುಂಬಾ ನವಿಲು. ಎಷ್ಟಿವೆ ಎಣಿಸಲು ಹೇಳಿ. ಗೋಡೆಯ ಮೇಲೆ ದಸರಾ ಮೆರವಣಿಗೆಯ ಚಿತ್ರಗಳಿವೆ, ಅದರಲ್ಲಿ ಆನೆ ಹುಡುಕಿಸಿ. ಕೊನೆಗೆ 750 ಕಿಲೋ ತೂಕದ ಚಿನ್ನದ ಅಂಬಾರಿ ತೋರಿಸಿ, ‘ಇದನ್ನು ಹೊತ್ತುಕೊಂಡು ಆನೆ ನಡೆಯುತ್ತದೆ’ ಅನ್ನಿ. ಮುಕ್ಕಾಲು ಗಂಟೆಯಲ್ಲಿ ಹೊರಗೆ ಬನ್ನಿ.

ಭಾನುವಾರ ಸಂಜೆ 6.30ಕ್ಕೆಲ್ಲ ಅರಮನೆ ಆವರಣದಲ್ಲಿರಿ. ತೀರಾ ಮುಂದೆ ಹೋಗಬೇಡಿ, ಸ್ವಲ್ಪ ಹಿಂದೆ ನಿಂತರೆ ಇಡೀ ಕಟ್ಟಡ ಕಾಣುತ್ತದೆ, ಹೊರಡುವುದೂ ಸುಲಭ. ಕತ್ತಲಾಗುತ್ತಾ ಬರುತ್ತದೆ, ಅರಮನೆ ಬೂದು ನೆರಳಿನ ಹಾಗೆ ನಿಂತಿರುತ್ತದೆ. ಏಳು ಗಂಟೆಗೆ ಸುಮಾರು ಒಂದು ಲಕ್ಷ ಬಲ್ಬು ಒಂದೇ ಏಟಿಗೆ ಹತ್ತಿಕೊಳ್ಳುತ್ತವೆ. ಆ ಕ್ಷಣ ಅರಮನೆ ನೋಡಬೇಡಿ, ಫೋನೂ ಹಿಡಿಯಬೇಡಿ. ನಿಮ್ಮ ಮಗುವಿನ ಮುಖ ನೋಡಿ. ಬಾಯಿ ಅರೆ ತೆರೆದಿರುತ್ತದೆ, ಕಣ್ಣಿನಲ್ಲಿ ಬಲ್ಬುಗಳ ಸಾಲು ಕಾಣುತ್ತದೆ.

ಒಂದು ಎಚ್ಚರಿಕೆ. ಅರಮನೆಯ ಸುತ್ತ ಕೆಲವರು ಹತ್ತಿರ ಬಂದು ‘ಈಗ ಅರಮನೆ ಮುಚ್ಚಿದೆ, ಅಷ್ಟರಲ್ಲಿ ಮಾರ್ಕೆಟ್ ತೋರಿಸ್ತೀನಿ ಬನ್ನಿ’ ಅನ್ನುತ್ತಾರೆ. ಕರೆದೊಯ್ಯುವುದು ಕಮಿಷನ್ ಸಿಗುವ ರೇಷ್ಮೆ ಅಂಗಡಿಗೋ ಸುಗಂಧದ ಎಣ್ಣೆ ಮಾರುವ ಅಂಗಡಿಗೋ. ನಯವಾಗಿ ಬೇಡ ಅಂದು ಗೇಟಿನವರೆಗೆ ನೀವೇ ಹೋಗಿ ನೋಡಿ. ಟಾಂಗಾ ಹತ್ತುವುದಾದರೆ, ಮಕ್ಕಳು ಹತ್ತದೆ ಬಿಡುವುದಿಲ್ಲ, ಎಲ್ಲಿಂದ ಎಲ್ಲಿಗೆ, ಎಷ್ಟು, ಒಬ್ಬರಿಗೋ ಗಾಡಿಗೋ ಅಂತ ಹತ್ತುವ ಮುಂಚೆ ಬಾಯಿಬಿಟ್ಟು ಕೇಳಿ.

ಹಂತ 8: ಚಾಮುಂಡಿ ಬೆಟ್ಟ

ಮೆಟ್ಟಿಲು ಸಾವಿರಕ್ಕೂ ಹೆಚ್ಚು. ಕೆಳಗಿನಿಂದ ಹತ್ತಿಸಬೇಡಿ. ಇದಕ್ಕೊಂದು ಸುಲಭದ ದಾರಿ ಇದೆ. ಕಾರಿನಲ್ಲೋ ನಗರ ಬಸ್ ನಿಲ್ದಾಣದಿಂದ 201 ನಂಬರಿನ ಬಸ್ಸಿನಲ್ಲೋ ಮೇಲೆ ಹೋಗಿ. ದರ್ಶನ ಮುಗಿಸಿ, ಮೆಟ್ಟಿಲಲ್ಲಿ ದೊಡ್ಡ ನಂದಿಯವರೆಗೆ ಮಾತ್ರ ಇಳಿಯಿರಿ, ಸುಮಾರು ಮುನ್ನೂರು ಮೆಟ್ಟಿಲು ಆಗುತ್ತದೆ. 1659ರಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ ನಂದಿ ಅದು. ಅಲ್ಲಿಗೆ ರಸ್ತೆ ಇದೆ, ಕಾರು ಅಲ್ಲಿಗೇ ಬರಲಿ. ಮಗುವಿಗೆ ‘ಬೆಟ್ಟ ಇಳಿದೆ’ ಅನ್ನುವ ಹೆಮ್ಮೆ, ನಿಮಗೆ ಎತ್ತಿಕೊಳ್ಳುವ ಕಷ್ಟವಿಲ್ಲ.

ಕೋತಿಗಳಿವೆ. ಕೈಯಲ್ಲಿ ಬಾಳೆಹಣ್ಣು, ಪ್ರಸಾದದ ಚೀಲ ಕಾಣುವ ಹಾಗೆ ಹಿಡಿಯಬೇಡಿ. ಶುಕ್ರವಾರ ಜನ ಜಾಸ್ತಿ. ಆಷಾಢದ ಶುಕ್ರವಾರ ಖಾಸಗಿ ವಾಹನಗಳನ್ನು ಬೆಟ್ಟಕ್ಕೆ ಬಿಡುವುದಿಲ್ಲ, ಮಕ್ಕಳ ಜೊತೆ ಆ ದಿನಗಳಂತೂ ಬೇಡ.

ಹಂತ 9: ಕೆಆರ್‌ಎಸ್ಸೋ ರಂಗನತಿಟ್ಟೋ?

ಎಲ್ಲರೂ ಬೃಂದಾವನಕ್ಕೆ ಹೋಗುತ್ತಾರೆ. ನನ್ನ ಅಭಿಪ್ರಾಯ ಬೇರೆ. ಸಂಗೀತ ಕಾರಂಜಿ ಶುರುವಾಗುವುದೇ ಕತ್ತಲಾದ ಮೇಲೆ. ಅದು ಇರುವುದು ತೋಟದ ಆ ಕೊನೆಯಲ್ಲಿ. ಅಲ್ಲಿಗೆ ಮೆಟ್ಟಿಲು ಹತ್ತಿ ಇಳಿದು, ಸೇತುವೆ ದಾಟಿ, ತುಂಬಾ ನಡೆಯಬೇಕು. ಸ್ಟ್ರಾಲರ್, ಅಂದರೆ ಮಗುವನ್ನು ಕೂರಿಸಿ ತಳ್ಳುವ ಗಾಡಿ, ಅಲ್ಲಿ ಹೊರೆಯೇ ಸರಿ. ಮುಗಿದ ತಕ್ಷಣ ಎಲ್ಲರೂ ಒಟ್ಟಿಗೆ ಗೇಟಿನ ಕಡೆ ಹೊರಡುತ್ತಾರೆ. ನಮ್ಮ ಚಿಕ್ಕವನು ಕಾರಂಜಿ ಶುರುವಾಗುವ ಮುಂಚೆಯೇ ನಿದ್ದೆ ಹೋದ. ಆ ಗುಂಪಿನಲ್ಲಿ ಅವನನ್ನು ಹೆಗಲ ಮೇಲೆ ಹಾಕಿಕೊಂಡು ಪಾರ್ಕಿಂಗ್‌ವರೆಗೆ ನಡೆದದ್ದು ಇನ್ನೂ ನೆನಪಿದೆ. ಎಂಟು ದಾಟಿದ ಮಕ್ಕಳಿದ್ದರೆ, ಮಧ್ಯಾಹ್ನ ಮಲಗಿದ್ದರೆ ಹೋಗಿ. ಕೊನೆಯ ಹಾಡಿಗೆ ಐದು ನಿಮಿಷ ಮುಂಚೆ ಹೊರಟುಬಿಡಿ.

ಚಿಕ್ಕವರಿಗೆ ರಂಗನತಿಟ್ಟು ಎಷ್ಟೋ ಮೇಲು. ಶ್ರೀರಂಗಪಟ್ಟಣದ ಹತ್ತಿರ, ಮೈಸೂರಿನಿಂದ ಇಪ್ಪತ್ತು ಕಿಲೋಮೀಟರಿನೊಳಗೆ. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ತಾಣ ಅಂತ ಘೋಷಣೆಯೂ ಆಯಿತು. ರಾಮ್ಸಾರ್ ತಾಣ ಅಂದರೆ ಜಗತ್ತಿನ ಮಟ್ಟದಲ್ಲಿ ಮುಖ್ಯ ಅಂತ ಗುರುತಿಸಿದ ನೀರಿನ ಜಾಗ. ಸರದಿಯ ದೋಣಿಯಲ್ಲಿ ಕೂತರೆ ಕಾವೇರಿಯ ಬಂಡೆಗಳ ಮೇಲೆ ಮೊಸಳೆ ಬಾಯಿ ತೆರೆದು ಮಲಗಿರುವುದು, ಮರದ ತುಂಬಾ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ತಲೆಕೆಳಗಾಗಿ ನೇತಾಡುವ ಬಾವಲಿಗಳು, ಎಲ್ಲಾ ಬೈನಾಕ್ಯುಲರ್ ಇಲ್ಲದೆಯೇ ಕಾಣುತ್ತದೆ. ಸವಾರಿ ಚಿಕ್ಕದು, ಅಷ್ಟರಲ್ಲಿ ಮಗುವಿಗೆ ಬೇಜಾರಾಗುವುದಿಲ್ಲ. ಕೈ ನೀರಿಗೆ ಇಳಿಬಿಡಬಾರದು, ಎದ್ದು ನಿಲ್ಲಬಾರದು. ಈ ಎರಡು ನಿಯಮ ದಡದಲ್ಲೇ ಹೇಳಿ.

ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಹೋಗುವವರು ಹೊರಡುವ ದಿನ ಬೆಳಿಗ್ಗೆ ವಿಚಾರಿಸಿಕೊಳ್ಳಿ.

ಹಂತ 10: ಮಳೆ ಬಂದರೆ, ಮೈ ಬಿಸಿಯಾದರೆ

ಮಳೆಗೆ ಚಾವಣಿ ಇರುವ ಜಾಗ ಬೇಕು. ಕಾರಂಜಿ ಕೆರೆಯ ಪಕ್ಕದ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯ ಒಳ್ಳೆಯದು, ಸೋಮವಾರ ಮಾತ್ರ ರಜೆ. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಗೊಂಬೆಗಳು ಓಡಾಡುವ ಹಳೆಯ ಗಡಿಯಾರ ಇದೆ, ಮಕ್ಕಳು ಅದರ ಮುಂದಿಂದ ಕದಲುವುದಿಲ್ಲ. ಮಳೆ ಸಣ್ಣದಾದರೆ ದೇವರಾಜ ಮಾರುಕಟ್ಟೆಗೆ ಹೋಗಿ. ಹೂವಿನ ರಾಶಿ, ಗೋಪುರದ ಹಾಗೆ ಒಟ್ಟಿದ ಕುಂಕುಮ, ಹತ್ತಾರು ಬಗೆಯ ಬಾಳೆ. ಇದಕ್ಕೆ ಟಿಕೆಟ್ಟೂ ಬೇಡ.

ಮಗುವಿಗೆ ಜ್ವರ ಬಂದರೆ ಆ ದಿನದ ಪ್ಲಾನ್ ಬಿಟ್ಟುಬಿಡಿ. ಔಷಧಿ ಕೊಟ್ಟು ಎಳೆದುಕೊಂಡು ಹೋಗಬೇಡಿ. ಒಬ್ಬರು ರೂಮಿನಲ್ಲಿರಿ, ಇನ್ನೊಬ್ಬರು ದೊಡ್ಡದನ್ನು ರೈಲು ಮ್ಯೂಸಿಯಂಗೆ ಕರೆದುಕೊಂಡು ಹೋಗಿ ಬನ್ನಿ.

ಹಂತ 11: ವಾಪಸ್

ಎರಡನೇ ದಿನ ಸಂಜೆ ಏನೂ ಇಟ್ಟುಕೊಳ್ಳಬೇಡಿ. ಮಧ್ಯಾಹ್ನದ ಊಟ ಆದಮೇಲೆ ಹೊರಡಿ. ರೈಲಾದರೆ ಅರ್ಧ ಗಂಟೆ ಮುಂಚೆ ನಿಲ್ದಾಣದಲ್ಲಿರಿ, ಮಕ್ಕಳ ಕೈಗೆ ತಿಂಡಿಯ ಡಬ್ಬಿ ಕೊಡಿ.

ಬೆಂಗಳೂರಿಗೆ ಕಾರಿನಲ್ಲಿ ಹೋಗುವವರು ಚನ್ನಪಟ್ಟಣ ಬರುವ ಮುಂಚೆ ಸರ್ವಿಸ್ ರಸ್ತೆಗೆ ಇಳಿಯಿರಿ. ಹಳೆಯ ರಸ್ತೆಯುದ್ದಕ್ಕೂ ಗೊಂಬೆ ಅಂಗಡಿಗಳಿವೆ. ಅರಗಿನ ಬಣ್ಣ ಹಚ್ಚಿದ ಮರದ ಗೊಂಬೆಯನ್ನು ಕೈಗೆ ತೆಗೆದುಕೊಂಡು ಅಂಚು ಸವರಿ ನೋಡಿ, ಎಲ್ಲೂ ಚುಚ್ಚಬಾರದು. ತೀರಾ ಚಿಕ್ಕ ಮಗುವಿಗಾದರೆ ಬಾಯೊಳಗೆ ಹೋಗುವಷ್ಟು ಸಣ್ಣ ಬಿಡಿಭಾಗ ಇರುವುದು ಬೇಡ. ಕತ್ತಲಾಗುವ ಮುಂಚೆ ತಲುಪಿ. ಆಗ ಮಕ್ಕಳು ಎಚ್ಚರವಾಗಿರುತ್ತಾರೆ, ತಮ್ಮ ಗೊಂಬೆ ತಾವೇ ಆರಿಸುತ್ತಾರೆ.